ಹೈಗನ್ಸ್ ಲುಬ್ಧಕದ ದೂರ ಅಳೆದದ್ದು: 27,664 ಅನ್ನೋ ಸಂಖ್ಯೆ ಎಲ್ಲಿಂದ ಬಂತು?

ಲೆಕ್ಕದ ಟೀಚರ್ (ಸಾಗರ)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು, ಖಗೋಳ ನನ್ನ ವಿಷಯವಲ್ಲ. ವಿಜ್ಞಾನ ಸಂಘದ ಮಕ್ಕಳಿಗೆ ‘ನಕ್ಷತ್ರ ಎಷ್ಟು ದೂರ’ ಅಂತ ಅರ್ಧ ಗಂಟೆ ಮಾತಾಡಿ ಎಂದು ಹೆಡ್‌ಮಾಸ್ಟರು ನನ್ನ ತಲೆಗೆ ಕಟ್ಟಿದ್ದಾರೆ. ಅದಕ್ಕಾಗಿ ಓದುತ್ತಾ 17ನೇ ಶತಮಾನದ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ ಹತ್ತಿರ ಬಂದು ನಿಂತುಬಿಟ್ಟೆ. ಪಿಯುಸಿಯಲ್ಲಿ ‘ಹೈಗನ್ಸ್ ತತ್ತ್ವ’ ಉರು ಹೊಡೆದದ್ದು ಬಿಟ್ಟರೆ ಆ ಮನುಷ್ಯನ ಬಗ್ಗೆ ಏನೂ ಗೊತ್ತಿರಲಿಲ್ಲ.

ಓದಿದ್ದು ಇಷ್ಟು. ಹೈಗನ್ಸ್ 1695ರಲ್ಲಿ ತೀರಿಕೊಂಡ. ‘ಕಾಸ್ಮೋಥಿಯೊರಸ್’ ಎಂಬ ಅವನ ಪುಸ್ತಕ 1698ರಲ್ಲಿ ಅಚ್ಚಾಯಿತು. ನಕ್ಷತ್ರಗಳೆಲ್ಲ ಸೂರ್ಯರೇ ಎಂಬುದು ಅದರಲ್ಲಿ ಅವನ ನಂಬಿಕೆ. ಹಾಗಾದರೆ ಲುಬ್ಧಕವೂ (ಸಿರಿಯಸ್, ರಾತ್ರಿ ಆಕಾಶದ ಅತಿ ಪ್ರಖರ ನಕ್ಷತ್ರ) ಸೂರ್ಯನಷ್ಟೇ ಬೆಳಕು ಕೊಡುವ ವಸ್ತು ಎಂದಿಟ್ಟುಕೊಂಡು, ಸೂರ್ಯನನ್ನು ಎಷ್ಟು ದೂರ ತಳ್ಳಿದರೆ ಲುಬ್ಧಕದಷ್ಟು ಮಂಕಾಗುತ್ತಾನೆ ಎಂದು ಹುಡುಕಲು ಹೊರಟ. 12 ಅಡಿಯ ಕೊಳವೆಯ ಒಂದು ತುದಿಗೆ ತೆಳು ತಗಡು ಮುಚ್ಚಿ, ಅದರ ನಡುವೆ ಇಂಚಿನ 144ನೇ ಒಂದು ಭಾಗದ ತೂತು ಕೊರೆದ. ಅದರಲ್ಲಿ ಕಂಡದ್ದು ಸೂರ್ಯನ ವ್ಯಾಸದ 182ನೇ ಒಂದು ಭಾಗ. ಅದೂ ಲುಬ್ಧಕಕ್ಕಿಂತ ಎಷ್ಟೋ ಪ್ರಖರ. ಆಮೇಲೆ ಆ ತೂತಿಗೆ ಒಂದು ಗಾಜಿನ ಗೋಲಿ ಕೂರಿಸಿದ. ಬೆಳಕಿನ ಚುಕ್ಕಿ ಇನ್ನೂ 152 ಪಟ್ಟು ಕುಗ್ಗಿತು. ಈಗ ಅದು ಲುಬ್ಧಕಕ್ಕೆ ಸಮ ಕಂಡಿತು. 182 × 152 = 27,664. ಲುಬ್ಧಕ ಸೂರ್ಯನಿಗಿಂತ 27,664 ಪಟ್ಟು ದೂರ. ಮುಗಿಯಿತು.

ನನಗೆ ಮುಗಿಯಲಿಲ್ಲ. ಬೆಳಕನ್ನು ಅಳೆಯುವ ಉಪಕರಣ ಅವನ ಹತ್ತಿರ ಇರಲಿಲ್ಲ. ಹಗಲು ಕಂಡ ಚುಕ್ಕಿಯನ್ನು ರಾತ್ರಿ ಕಂಡ ನಕ್ಷತ್ರದ ನೆನಪಿಗೆ ಹೋಲಿಸಿದ್ದಾನೆ. ಅಂಥ ಹೋಲಿಕೆಯಿಂದ ಐದಂಕಿಯ ಸಂಖ್ಯೆ, ಅದೂ ಕೊನೆಯಲ್ಲಿ 64 ಅಂತ, ಹೇಗೆ ಬರುತ್ತದೆ? ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಕೆಂಪು ಇಂಕಿನಲ್ಲಿ ಸುತ್ತು ಹಾಕುತ್ತಿದ್ದೆ. ಇನ್ನೊಂದು, ನಿಜವಾದ ದೂರಕ್ಕೂ ಇದಕ್ಕೂ ಎಷ್ಟು ಅಂತರ, ಆ ಅಂತರ ಯಾಕೆ? ಕೊನೆಯದಾಗಿ, ಯಾರೂ ಸೂರ್ಯನನ್ನು ನೇರ ನೋಡದೆ ಮಕ್ಕಳ ಕೈಲಿ ಇದರ ಹತ್ತಿರದ್ದೇನಾದರೂ ಮಾಡಿಸಬಹುದಾ?

ಗಾಜಿನ ಪುಡಿ (ಹುಬ್ಬಳ್ಳಿ)

ಟೀಚರ್, ಕೆಂಪು ಇಂಕು ಸ್ವಲ್ಪ ತಡೀರಿ.

ನಾನು ಕನ್ನಡಕದ ಅಂಗಡಿಗಳಿಗೆ ಲೆನ್ಸ್ ಉಜ್ಜಿಕೊಡುತ್ತಿದ್ದವನು. ಈಗ ಎಲ್ಲ ರೆಡಿಮೇಡ್ ಪ್ಲಾಸ್ಟಿಕ್ ಬರುತ್ತದೆ, ಮಷೀನು ಮೂಲೆ ಸೇರಿದೆ. ಹೈಗನ್ಸ್ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅವನ ತತ್ತ್ವದಿಂದ ಅಲ್ಲ, ಅವನೂ ಗಾಜು ಉಜ್ಜಿದವನು ಅನ್ನೋ ಕಾರಣಕ್ಕೆ. ಅಪ್ಪ ಆಸ್ಥಾನದಲ್ಲಿ ದೊಡ್ಡ ಹುದ್ದೆಯವನು, ಮನೆಗೆ ತತ್ತ್ವಜ್ಞಾನಿ ದೇಕಾರ್ತ್ ಬಂದು ಹೋಗುತ್ತಿದ್ದ. ಅಂಥ ಮನೆಯ ಹುಡುಗರಿಬ್ಬರು, ಇವನೂ ಇವನ ಅಣ್ಣನೂ, ತೋಳು ಮಡಚಿ ಲೋಹದ ಬಟ್ಟಲಲ್ಲಿ ಗಾಜು ತಿಕ್ಕುತ್ತಾ ಕೂತರು. ಅವರು ಉಜ್ಜಿದ ಸುಮಾರು 5.7 ಸೆಂಟಿಮೀಟರ್ ಅಗಲದ ಒಂದು ಲೆನ್ಸಿನಲ್ಲೇ 1655ರ ಮಾರ್ಚ್ 25ರಂದು ಶನಿಯ ಚಂದ್ರ ಟೈಟನ್ ಸಿಕ್ಕಿದ್ದು.

ಈಗ ನಿಮ್ಮ ಸಂಖ್ಯೆಗೆ ಬರ್ತೀನಿ. ಇದು ಕಣ್ಣಿನಿಂದ ಬಂದ ಸಂಖ್ಯೆಯೇ ಅಲ್ಲ. ಕೊಳವೆಯ ಉದ್ದ, ತೂತಿನ ಅಗಲ, ಗಾಜಿನ ಗುಣ, ಈ ಮೂರರಿಂದ ಬಂದದ್ದು. ನೀವೇ ಮಾಡಿ ನೋಡ್ರಿ.

12 ಅಡಿ ಅಂದ್ರೆ 144 ಇಂಚು. ತೂತು ಇಂಚಿನ 144ನೇ ಒಂದು ಪಾಲು. ದೂರಕ್ಕೂ ಅಗಲಕ್ಕೂ ಇರೋ ಅನುಪಾತ 144 × 144, ಅಂದ್ರೆ 20,736. ಸೂರ್ಯ ತನ್ನ ವ್ಯಾಸದ ಸುಮಾರು 107 ಪಟ್ಟು ದೂರದಲ್ಲಿದ್ದಾನೆ. ಹಾಗಾಗಿ ತೂತಿನ ಆಚೆ ಕಾಣೋದು ಸೂರ್ಯನ ವ್ಯಾಸದ 193ನೇ ಒಂದು ಪಾಲು. ಹೈಗನ್ಸ್ 182 ಅಂತಾನೆ, ಯಾಕಂದ್ರೆ ಸೂರ್ಯನ ಅಗಲವನ್ನ ಅರ್ಧ ಡಿಗ್ರಿಗೆ ಒಂದು ಕೂದಲೆಳೆ ಮೇಲೆ ಹಿಡಿದರೆ 182 ಬರುತ್ತದೆ. ನಿಜವಾಗಿ ಅದು 32 ಕಲೆ (ಒಂದು ಡಿಗ್ರಿಗೆ 60 ಕಲೆ, ಒಂದು ಕಲೆಗೆ 60 ವಿಕಲೆ). ಸಣ್ಣ ವ್ಯತ್ಯಾಸ, ಮುಂದೆ ನೋಡಿದರೆ ಅದರಿಂದ ಏನೂ ಕೆಡೋದಿಲ್ಲ.

ತೂತು ಬರೀ ಹತ್ತು ವಿಕಲೆಯಷ್ಟು ಅಗಲ ಕಾಣುತ್ತದೆ. ನಮ್ಮ ಕಣ್ಣಿಗೆ ಅರವತ್ತು ವಿಕಲೆಗಿಂತ ಸಣ್ಣದೆಲ್ಲ ಚುಕ್ಕಿಯೇ. ಆಕಾರ ಕಾಣೋದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಅಂದರೆ ಸೂರ್ಯ ಆಗಲೇ ನಕ್ಷತ್ರ ಆಗಿಬಿಟ್ಟ.

ಇನ್ನು ಗೋಲಿ. ಇಲ್ಲಿ ನನ್ನ ಕಸುಬು ಬರುತ್ತದೆ. 1678ರ ಆಸುಪಾಸು ಹೈಗನ್ಸ್ ಗಾಜಿನ ಗೋಲಿಯ ಮೈಕ್ರೊಸ್ಕೋಪ್ ಮಾಡೋದರಲ್ಲಿ ಮುಳುಗಿದ್ದ, ಹಾಗಾಗಿ ಇಂಥ ಗೋಲಿ ಮಾಡೋದು ಅವನಿಗೆ ಹೊಸದಲ್ಲ. ಗಾಜಿನ ಕಡ್ಡಿಯನ್ನ ಜ್ವಾಲೆಯಲ್ಲಿ ಕಾಸಿ ಎರಡೂ ಕಡೆ ಎಳೆದರೆ ನೂಲು ಬರುತ್ತದೆ. ಆ ನೂಲಿನ ತುದಿಯನ್ನ ಮತ್ತೆ ಜ್ವಾಲೆಯ ಅಂಚಿಗೆ ಹಿಡಿದರೆ ತಾನಾಗೇ ಸುರುಳಿ ಸುತ್ತಿಕೊಂಡು ಉಂಡೆಗಟ್ಟುತ್ತದೆ. ಉಜ್ಜೋದು ಬೇಡ, ಪಾಲಿಶ್ ಬೇಡ, ಮೈ ಕನ್ನಡಿಯ ಹಾಗೆ ನುಣುಪು. ಉಸಿರು ಬಿಟ್ಟರೆ ಹಾರಿಹೋಗುತ್ತದೆ, ನೆಲಕ್ಕೆ ಬಿದ್ದರೆ ಸಿಕ್ಕಿತು ಅನ್ನೋ ಮಾತೇ ಇಲ್ಲ. ಹೈಗನ್ಸ್ ತೂತು ಒಂದು ಮಿಲಿಮೀಟರಿನ ಐದನೇ ಒಂದು ಪಾಲಿಗಿಂತ ಸಣ್ಣದು. ಪುಡಿ ಉಪ್ಪಿನ ಹರಳೂ ಅದಕ್ಕಿಂತ ದಪ್ಪ.

ಗೋಲಿ ಸರಿಯಾಗಿ ತೂತಿನಷ್ಟೇ ಗಾತ್ರದ್ದು ಅಂತ ಹಿಡೀರಿ. ಗಾಜಿನ ವಕ್ರೀಭವನಾಂಕ 1.5 ಇದ್ದರೆ ಗೋಲಿಯ ನಾಭಿದೂರ ಅದರ ವ್ಯಾಸದ ಮುಕ್ಕಾಲು ಪಾಲು. ಗೋಲಿಯ ಹಿಂದೆ ಸೂರ್ಯನದೊಂದು ಪುಟ್ಟ ಬಿಂಬ ಮೂಡುತ್ತದೆ, ಅದನ್ನೇ 12 ಅಡಿ ದೂರದಿಂದ ಕಣ್ಣು ನೋಡುತ್ತದೆ. ಸೂರ್ಯ ಎಷ್ಟು ಪಟ್ಟು ಕುಗ್ಗಿದ? 20,736 ಭಾಗಿಸು ಮುಕ್ಕಾಲು. ಉತ್ತರ 27,648.

ಈಗ 27,648ನ್ನ 182ರಿಂದ ಭಾಗಿಸಿ. 151.9 ಬಂತಲ್ಲ? ಪೂರ್ಣಾಂಕಕ್ಕೆ ತಂದರೆ 152. ಮತ್ತೆ 182 × 152 ಮಾಡಿದರೆ 27,664. ನಿಮ್ಮ ಕೊನೆಯ 64 ಹುಟ್ಟಿದ್ದು ಹೀಗೆ, ಅಂದಾಜು ಮಾಡಿ ಮತ್ತೆ ಗುಣಿಸಿದ್ದರಿಂದ. ಈ ಲೆಕ್ಕ ನಾನು ಹಿಂದಿನಿಂದ ಬಿಡಿಸಿದ್ದು, ಆದರೆ ಇಷ್ಟು ಚೊಕ್ಕಾಗಿ ಕೂಡಿದ ಮೇಲೆ ಅವನೂ ಹೀಗೇ ಮಾಡಿದ ಅನ್ನೋದರಲ್ಲಿ ನನಗೆ ಅನುಮಾನ ಇಲ್ಲ. 182 ತಪ್ಪಿದ್ದರೂ ಕೆಡೋದಿಲ್ಲ ಅಂದೆನಲ್ಲ, ಅದಕ್ಕೂ ಇದೇ ಕಾರಣ. ಒಂದು ಕಡೆ ಭಾಗಿಸಿ ಇನ್ನೊಂದು ಕಡೆ ಗುಣಿಸಿದರೆ ಅದು ಹೊಡೆದುಹೋಗುತ್ತದೆ.

ಕಣ್ಣು ಮಾಡಿದ್ದು ಇಷ್ಟೇ: ಬರೀ ತೂತು ಇದ್ದಾಗ ‘ಹೆಚ್ಚಾಯ್ತು’ ಅಂದಿತು, ಗೋಲಿ ಇಟ್ಟಾಗ ‘ಸರಿಹೋಯ್ತು’ ಅಂದಿತು. ಆ ‘ಸರಿಹೋಯ್ತು’ ಅನ್ನೋದರಲ್ಲೇ ಎಡವಿದ್ದು.

ಎಷ್ಟು ಎಡವಿದ? 27,664 ಪಟ್ಟು ದೂರ ತಳ್ಳಿದರೆ ಸೂರ್ಯನ ಬೆಳಕು ಅದರ ವರ್ಗದಷ್ಟು ಕಡಿಮೆ ಆಗುತ್ತದೆ. ಈಗಿನ ಲೆಕ್ಕದಲ್ಲಿ ಅದರ ಕಾಂತಿಮಾನ ಸುಮಾರು −4.5 (ಈ ಅಂಕಿ ಕಡಿಮೆ ಆದಷ್ಟೂ ಬೆಳಕು ಹೆಚ್ಚು). ಲುಬ್ಧಕದ್ದು −1.46. ಅಂದ್ರೆ ಅವನ ಕೊಳವೆಯೊಳಗೆ ಇದ್ದದ್ದು ಲುಬ್ಧಕ ಅಲ್ಲ, ಬೆಳ್ಳಿ ಮೂಡಿದಾಗಿನ ಶುಕ್ರನಷ್ಟು ಬೆಳಕು, ಲುಬ್ಧಕದ ಹದಿನಾರು ಪಟ್ಟು. ನಿಜಕ್ಕೂ ಸಮ ಆಗಬೇಕಿದ್ದರೆ ಸುಮಾರು 1,14,000 ಪಟ್ಟು ತಳ್ಳಬೇಕಿತ್ತು.

ಯಾಕೆ ಹೀಗಾಯ್ತು ಅಂದ್ರೆ, ನನ್ನ ಅಂದಾಜು: ಹಗಲಿನ ಕಣ್ಣು. ಬಿಸಿಲಲ್ಲಿ ಓಡಾಡಿದ ಕಣ್ಣಿಗೆ ಚುಕ್ಕಿ ಬೆಳಕು ಮಂಕಾಗಿ ಕಾಣುತ್ತದೆ. ಅದನ್ನ ಕತ್ತಲೆಗೆ ಒಗ್ಗಿದ ಕಣ್ಣಿಂದ ನೋಡಿದ ನಕ್ಷತ್ರಕ್ಕೆ ಹೋಲಿಸಿದ. ಜೊತೆಗೆ ಗೋಲಿಯ ಮೈಯಲ್ಲಿ ಸ್ವಲ್ಪ ಬೆಳಕು ಸೋರಿಹೋಗುತ್ತದೆ.

ಮಕ್ಕಳಿಗೆ ಮಾಡಿಸೋದಕ್ಕೆ ತೂತು, ಕೊಳವೆ ಎರಡೂ ಬೇಡ. ಸೂರ್ಯನ ಕಡೆ ಯಾರೂ ಮುಖ ಮಾಡಕೂಡದು, ಇದನ್ನ ಬೋರ್ಡಿನ ಮೇಲೆ ಬರೆದೇ ಶುರು ಮಾಡಿ. ಸೈಕಲ್ ಶಾಪಿಗೆ ಹೋಗಿ ಹಿಂದಿನ ಚಕ್ರದ ಹಬ್ಬಿನ ಉಕ್ಕಿನ ಬಾಲ್ಸ್ ಕೇಳಿ, ಕಾಲಿಂಚಿನವು. ಹೊಸದು ಕೊಳ್ಳಿ, ಗ್ರೀಸ್ ಒರೆಸಿ. ಕಪ್ಪು ಬಟ್ಟೆಯ ಮೇಲೆ ಅಂಟಿಸಿ ಬಿಸಿಲಿಗೆ ಇಡಿ, ಮಕ್ಕಳು ಸೂರ್ಯನಿಗೆ ಬೆನ್ನು ಮಾಡಿ ದೂರದಿಂದ ನೋಡಲಿ. ಗುಂಡಿನ ಮೈ ಒಂದು ಉಬ್ಬು ಕನ್ನಡಿ, ಅದರ ನಾಭಿದೂರ ತ್ರಿಜ್ಯದ ಅರ್ಧ, ಅಂದ್ರೆ ಇಲ್ಲಿ ಸುಮಾರು 1.6 ಮಿಲಿಮೀಟರ್. ಅದನ್ನ 27,664ರಿಂದ ಗುಣಿಸಿದರೆ 44 ಮೀಟರ್. ಅಷ್ಟು ದೂರ ನಿಂತವನಿಗೆ ಆ ಗುಂಡಿನಲ್ಲಿ ಕಾಣೋದು ಹೈಗನ್ಸ್ ಕಂಡ ಸೂರ್ಯ. ಲುಬ್ಧಕಕ್ಕೆ ಸಮ ಆಗಬೇಕಾದರೆ 180 ಮೀಟರ್ ಹಿಂದೆ ಹೋಗಬೇಕು. ಉಕ್ಕು ಬಿದ್ದ ಬೆಳಕನ್ನೆಲ್ಲ ವಾಪಸು ಕೊಡೋದಿಲ್ಲ, ಹಾಗಾಗಿ ಇದು ಸ್ಥೂಲ ಲೆಕ್ಕ.

ಸಂಶಯಪ್ಪ

ಗಾಜಿನ ಪುಡಿಯವರೇ, ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಕೊನೆಗೂ ಉತ್ತರ ತಪ್ಪು ತಾನೇ? ಲುಬ್ಧಕ 8.6 ಜ್ಯೋತಿರ್ವರ್ಷ ದೂರ. ಅದು ಸೂರ್ಯನ ದೂರದ ಸುಮಾರು 5,44,000 ಪಟ್ಟು. ಇವನ ಉತ್ತರ ಅದರ ಇಪ್ಪತ್ತನೇ ಒಂದು ಪಾಲು. ಮೊದಲು ‘ನಕ್ಷತ್ರವೂ ಸೂರ್ಯನೇ’ ಎಂದು ಊಹಿಸಿ, ಆಮೇಲೆ ಆ ಊಹೆಯ ಮೇಲೆ ಅಳತೆ ಕಟ್ಟಿದರೆ ಅದನ್ನು ಅಳತೆ ಎನ್ನುವುದು ಹೇಗೆ? ಇಂಥ ಊಹೆ ಯಾರು ಬೇಕಾದರೂ ಮಾಡಬಹುದಿತ್ತು. ಮಕ್ಕಳಿಗೆ 1838ರಲ್ಲಿ ಜರ್ಮನ್ ಖಗೋಳಜ್ಞ ಬೆಸೆಲ್ ಮಾಡಿದ ಲಂಬನದ ಅಳತೆ (ಭೂಮಿ ಸೂರ್ಯನನ್ನು ಸುತ್ತುವಾಗ ನಕ್ಷತ್ರ ತುಸು ಸರಿದಂತೆ ಕಾಣುವುದರಿಂದ ದೂರ ಅಳೆಯುವುದು) ಹೇಳಿದರೆ ಸಾಕು, ಅದು ಸರಿಯಾದ ವಿಧಾನ.

ಡಚ್ ನೆಲದ ಕನ್ನಡಿಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನಿರುವುದು ಡೆಲ್ಫ್ಟ್‌ನಲ್ಲಿ. ಹೈಗನ್ಸ್ ಮನೆತನದ ಹಾಫ್‌ವೈಕ್ ಎಂಬ ಮನೆ ಇಲ್ಲಿಗೆ ಹತ್ತಿರ, ವೂರ್‌ಬರ್ಗ್ ರೈಲು ನಿಲ್ದಾಣದ ಮಗ್ಗುಲಲ್ಲೇ ಇದೆ. ಅಪ್ಪ ಕಟ್ಟಿಸಿದ ಮನೆ, ಸುತ್ತ ನೀರು, ನಡುವೆ ಚೌಕಾಕಾರದ ಇಟ್ಟಿಗೆಯ ಕಟ್ಟಡ. ಈಗ ಮ್ಯೂಸಿಯಂ. ಕ್ರಿಸ್ಟಿಯಾನ್ ಕೊನೆಯ ವರ್ಷಗಳಲ್ಲಿ ಇಲ್ಲೇ ಹೆಚ್ಚಾಗಿ ಇದ್ದ. ಪ್ಯಾರಿಸ್‌ನಲ್ಲಿ ರಾಜನ ಅಕಾಡೆಮಿಯ ದೊಡ್ಡ ಹೆಸರಾಗಿದ್ದವನು ಆರೋಗ್ಯ ಕೆಟ್ಟು ಊರಿಗೆ ಮರಳಿದ, ಮತ್ತೆ ಅಲ್ಲಿಗೆ ಹೋಗಲಿಲ್ಲ. ಮಹಡಿಯ ಕಿಟಕಿಯಲ್ಲಿ ನಿಂತರೆ ಅತ್ತ ರೈಲು, ಇತ್ತ ಹೆದ್ದಾರಿ. ತೋಟದ ಒಂದು ಭಾಗವನ್ನು ರೈಲು ಹಳಿಯೇ ನುಂಗಿದೆ. ನಕ್ಷತ್ರ ನೋಡುವ ಜಾಗ ಎಂದು ಈಗ ಯಾರೂ ಹೇಳಲಾರರು.

ಗಾಜು ಉಜ್ಜುವವರ ಮಾತು ಬಂತಲ್ಲ. 1663ರಿಂದ ಕೆಲವು ವರ್ಷ ಅದೇ ವೂರ್‌ಬರ್ಗ್‌ನಲ್ಲಿ ತತ್ತ್ವಜ್ಞಾನಿ ಸ್ಪಿನೋಜಾ ಬಾಡಿಗೆಗಿದ್ದ, ಅವನೂ ಲೆನ್ಸ್ ಉಜ್ಜುತ್ತಿದ್ದ. ಇಬ್ಬರಿಗೂ ಪರಿಚಯ ಇತ್ತು. ಟೈಟನ್ ಕಂಡ ಆ ಲೆನ್ಸ್ ಈಗ ಉಟ್ರೆಕ್ಟ್ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿದೆ. ಅಂಚಿನಲ್ಲಿ ಓವಿಡ್ ಕವಿಯ ಒಂದು ಲ್ಯಾಟಿನ್ ಸಾಲು ಕೆತ್ತಿದೆ, ‘ದೂರದ ತಾರೆಗಳನ್ನು ನಮ್ಮ ಕಣ್ಣ ಬಳಿಗೆ ತಂದರು’ ಎಂಬ ಅರ್ಥದ್ದು. ಟೈಟನ್ ಸುದ್ದಿಯನ್ನು ಗುಟ್ಟಾಗಿ ಇಡಲು ಅದೇ ಸಾಲಿನ ಅಕ್ಷರಗಳನ್ನು ಉಪಯೋಗಿಸಿ ಒಂದು ಒಗಟು ಮಾಡಿ ಗೆಳೆಯರಿಗೆ ಕಳಿಸಿದ್ದ. ಮೊದಲು ಕಂಡವನು ನಾನೇ ಎಂದು ಸಾಧಿಸಲು ಆಗ ಎಲ್ಲರೂ ಹೀಗೆ ಮಾಡುತ್ತಿದ್ದರು.

ಸಂಶಯಪ್ಪ ಅವರಿಗೆ ಉತ್ತರ ಗಾಜಿನ ಪುಡಿಯವರೇ ಕೊಡಲಿ. ನನಗೆ ಇನ್ನೊಂದು ಕೇಳಬೇಕು: ಬೆಳಕಿನ ವೇಗ ಆ ಹೊತ್ತಿಗೆ ಗೊತ್ತಿತ್ತಲ್ಲವೇ? ‘ಲುಬ್ಧಕದ ಬೆಳಕು ಇಷ್ಟು ದಿನಕ್ಕೆ ಬರುತ್ತದೆ’ ಎಂದು ಲೆಕ್ಕ ಹಾಕಬಹುದಿತ್ತಾ?

ಗಾಜಿನ ಪುಡಿ (ಹುಬ್ಬಳ್ಳಿ)

ಡಚ್ ನೆಲದವರೇ, ಓವಿಡ್ ಸಾಲು ಓದಿ ಖುಷಿ ಆಯ್ತು. ನಮ್ಮಲ್ಲಿ ಲೆನ್ಸಿನ ಅಂಚಿಗೆ ಪೆನ್ಸಿಲಿನಲ್ಲಿ ಪವರ್ ಬರೆದರೆ ದೊಡ್ಡದು.

ಬೆಳಕಿನ ವೇಗ ಗೊತ್ತಿತ್ತು. ಗುರುವಿನ ಚಂದ್ರಗಳ ಗ್ರಹಣ ಹೊತ್ತು ತಪ್ಪಿ ಆಗೋದನ್ನ ನೋಡಿ ಡೆನ್ಮಾರ್ಕಿನ ಖಗೋಳಜ್ಞ ರೋಮರ್ 1676ರಲ್ಲಿ ಹೇಳಿದ್ದ: ಭೂಮಿಯ ಕಕ್ಷೆಯನ್ನ ಅಡ್ಡ ದಾಟೋಕೆ ಬೆಳಕಿಗೆ 22 ನಿಮಿಷ ಬೇಕು ಅಂತ. ಈಗ ನಮಗೆ ಗೊತ್ತಿರೋದು ಹದಿನಾರೂವರೆ ಚಿಲ್ಲರೆ. ಪ್ಯಾರಿಸ್‌ನಲ್ಲಿ ಬಹಳ ಜನ ಒಪ್ಪಲಿಲ್ಲ. ಹೈಗನ್ಸ್ ಒಪ್ಪಿದ, ಬರೀ ಒಪ್ಪಲಿಲ್ಲ, ಅದಕ್ಕೆ ಅಂಕಿ ಕೂಡಿಸಿದ. ಸೂರ್ಯ ಭೂಮಿಯ ವ್ಯಾಸದ 12,000 ಪಟ್ಟು ದೂರ ಅಂತ ಹಿಡಿದು (ನಿಜ ಸುಮಾರು 11,740, ಆ ಕಾಲಕ್ಕೆ ಇದು ಬಲು ಚೆನ್ನ), ಬೆಳಕು ಶಬ್ದಕ್ಕಿಂತ ಆರು ಲಕ್ಷ ಪಟ್ಟಿಗೂ ಜೋರು ಅಂತ ಬರೆದ. 1690ರಲ್ಲಿ ಅಚ್ಚಾದ ಅವನ ಬೆಳಕಿನ ಗ್ರಂಥದಲ್ಲಿ ಇದು ಶುರುವಿನಲ್ಲೇ ಬರುತ್ತದೆ.

ಇವೆರಡನ್ನೂ ನಾವು ಕೂಡಿಸೋಣ. ಸೂರ್ಯನಿಂದ 11 ನಿಮಿಷ, ಅದರ 27,664 ಪಟ್ಟು, ಅಂದ್ರೆ 211 ದಿನ. ಏಳು ತಿಂಗಳ ಹಳೆ ಬೆಳಕು. ‘ಕಾಸ್ಮೋಥಿಯೊರಸ್’ನಲ್ಲಿ ಅವನು ಬೆಳಕು ಬಿಟ್ಟು ಫಿರಂಗಿ ಗುಂಡು ಹಿಡಿದ. ಗುಂಡು ಸೂರ್ಯನನ್ನ ಮುಟ್ಟೋಕೆ 25 ವರ್ಷ, ಹಾಗಾದರೆ ಲುಬ್ಧಕಕ್ಕೆ ಹತ್ತಿರ ಹತ್ತಿರ ಏಳು ಲಕ್ಷ ವರ್ಷ. ಓದುಗರಿಗೆ ಎದೆ ಝಲ್ಲೆನ್ನಲಿ ಅಂತಲೇ ಹಾಗೆ ಬರೆದ ಅನ್ನಿಸುತ್ತದೆ. ಯುದ್ಧ ನೋಡಿದ ಜನರಿಗೆ ಗುಂಡು ಗೊತ್ತು, ಬೆಳಕು ಓಡುತ್ತದೆ ಅನ್ನೋದನ್ನೇ ಅರ್ಧ ಜನ ನಂಬಿರಲಿಲ್ಲ.

ಸಂಶಯಪ್ಪ ತಮ್ಮಾ, ಈಗ ನಿನ್ನ ಮಾತು. ಇಪ್ಪತ್ತು ಪಟ್ಟು ತಪ್ಪು, ಹೌದು. ಆದರೆ ಆ ಇಪ್ಪತ್ತನ್ನ ಬಿಡಿಸಿ ನೋಡು. ಅದರಲ್ಲಿ ನಾಲ್ಕು ಪಟ್ಟು ಹಗಲಿನ ಕಣ್ಣಿನದು, ಮೇಲೆ ಹೇಳಿದ್ದೀನಿ. ಉಳಿದ ಐದು ಪಟ್ಟು ಲುಬ್ಧಕದ್ದೇ: ಅದು ಸೂರ್ಯನ ಸುಮಾರು 25 ಪಟ್ಟು ಬೆಳಕು ಕಾರೋ ನಕ್ಷತ್ರ, 25ರ ವರ್ಗಮೂಲ 5. ಎರಡು ತಪ್ಪೂ ಒಂದೇ ದಿಕ್ಕಿಗೆ ಬಿದ್ದವು, ಒಂದನ್ನ ಒಂದು ಹೊಡೆದುಹಾಕಲಿಲ್ಲ. ಅದು ನಸೀಬು.

ಕಣ್ಣಿನ ತಪ್ಪನ್ನ ದಾಟೋಕೆ ಒಂದು ಉಪಾಯ ಆಗಲೇ ಇತ್ತು ಅನ್ನೋದು ನಿಜ. ಸ್ಕಾಟ್ಲೆಂಡಿನ ಜೇಮ್ಸ್ ಗ್ರೆಗರಿ 1668ರಲ್ಲೇ ಗ್ರಹವನ್ನ ನಡುವೆ ಇಟ್ಟುಕೊಂಡು ಲೆಕ್ಕ ಮಾಡಿದ್ದ. ಗ್ರಹ ಹೊಳೆಯೋದು ಸೂರ್ಯನ ಬೆಳಕಲ್ಲೇ, ಅದು ಎಷ್ಟು ದೂರ, ಎಷ್ಟು ದೊಡ್ಡದು ಅಂತ ಗೊತ್ತಿದ್ದರೆ ಸೂರ್ಯನ ಬೆಳಕಿನ ಎಷ್ಟನೇ ಪಾಲು ನಮಗೆ ವಾಪಸು ಬರುತ್ತದೆ ಅಂತ ಹೇಳಬಹುದು. ಗ್ರಹವೂ ನಕ್ಷತ್ರವೂ ಒಂದೇ ರಾತ್ರಿ, ಒಂದೇ ಕಣ್ಣಿಗೆ ಕಾಣುತ್ತವೆ, ನೆನಪಿನ ಕಾಟ ಇಲ್ಲ. ಅವನಿಗೆ ಬಂದದ್ದು 83,190 ಪಟ್ಟು. ಈ ವಿಧಾನದಿಂದ ಸಿಗಬಹುದಾದ 1,14,000ಕ್ಕೆ ಎಷ್ಟೋ ಹತ್ತಿರ. ನ್ಯೂಟನ್ ಕೂಡ ಶನಿಯನ್ನ ಇಟ್ಟುಕೊಂಡು ಇದೇ ದಾರಿ ಹಿಡಿದ, ಅವನದು ಅಚ್ಚಾದದ್ದು ಸತ್ತ ಮೇಲೆ, 1728ರಲ್ಲಿ. ಹಾಗಾಗಿ ಅಳತೆಯಲ್ಲಿ ಗೆದ್ದವರು ಯಾರು ಅಂದ್ರೆ ಗ್ರೆಗರಿ ಅಂತೀನಿ, ಹೈಗನ್ಸ್ ಅನ್ನೋದಿಲ್ಲ.

ಆದರೂ ನನಗೆ ಹೈಗನ್ಸೇ ದೊಡ್ಡವನು ಅನ್ನಿಸೋದು ಯಾಕೆ ಅಂದ್ರೆ, ‘ನಕ್ಷತ್ರವೂ ಸೂರ್ಯ’ ಅಂತ ಬಾಯಲ್ಲಿ ಹೇಳಿದವರು ಅವನಿಗಿಂತ ಮುಂಚೆ ಎಷ್ಟೋ ಜನ. ಇಟಲಿಯ ತತ್ತ್ವಜ್ಞಾನಿ ಬ್ರೂನೋನನ್ನ 1600ರಲ್ಲಿ ರೋಮಿನಲ್ಲಿ ಸುಟ್ಟರು, ಅವನೂ ಹೇಳಿದ್ದ. ಹೈಗನ್ಸ್ ಅದನ್ನ ತಿರುಗಿಸಿ ನೋಡಿದ. ನಕ್ಷತ್ರವನ್ನ ಹತ್ತಿರ ತಂದು ಸೂರ್ಯ ಅಂತ ತೋರಿಸೋಕೆ ಆಗೋದಿಲ್ಲ, ಸರಿ, ಸೂರ್ಯನನ್ನೇ ದೂರ ಒಯ್ದು ನಕ್ಷತ್ರ ಮಾಡ್ತೀನಿ ಅಂದ. ಅದಕ್ಕೆ ಆಕಾಶದಲ್ಲಿ ಏನೂ ಅಲ್ಲಾಡಿಸಬೇಕಾಗಿಲ್ಲ, ಒಂದು ಕೊಳವೆ, ಒಂದು ತಗಡು, ಒಂದು ಗೋಲಿ. ಊಹೆ ಯಾರಾದರೂ ಮಾಡಬಹುದಿತ್ತು ಅಂದೆಯಲ್ಲ, ಊಹೆಗೆ ಇಂಚು ಅಡಿಯ ಅಳತೆ ಕೊಟ್ಟವನು ತಪ್ಪು ಮಾಡಿದರೂ ಆ ತಪ್ಪು ಎಷ್ಟು, ಎಲ್ಲಿ ಅಂತ ನಾವು ಇವತ್ತು ಹುಬ್ಬಳ್ಳಿಯಲ್ಲಿ ಕೂತು ಹೇಳಬಹುದು. ಬಾಯಿಮಾತಿನಲ್ಲಿ ಅದು ಆಗೋದಿಲ್ಲ.

ಬೆಸೆಲ್ ಅಳೆದದ್ದು 61 ಸಿಗ್ನಿ ಅನ್ನೋ ಮಂಕು ನಕ್ಷತ್ರವನ್ನ. ಹೈಗನ್ಸ್ ಸತ್ತು ನೂರನಲವತ್ತು ವರ್ಷ ದಾಟಿದ ಮೇಲೆ ಆ ಕಾಲದ ಅತಿ ಸೂಕ್ಷ್ಮ ಉಪಕರಣ ಇಟ್ಟುಕೊಂಡು. ಅಷ್ಟು ದಿನ ಯಾರೂ ದೂರದ ಬಗ್ಗೆ ಯೋಚನೆಯೇ ಮಾಡಬಾರದಿತ್ತಾ?

ಬೆಳಕಿನ ಬಗ್ಗೆ ಅವನ ಇನ್ನೊಂದು ಮಾತು ಹೇಳಿ ಮುಗಿಸ್ತೀನಿ, ಟೀಚರ್‌ಗೆ ಮಕ್ಕಳ ಮುಂದೆ ಬೇಕಾಗಬಹುದು. ಬೆಳಕು ಅಲೆ ಅಂತ ಅವನ ವಾದ. ಮೇಣದ ಬತ್ತಿಯ ಚಿತ್ರ ಬರೆದು, ಜ್ವಾಲೆಯ ಒಂದೊಂದು ಬಿಂದುವಿನಿಂದಲೂ ಬೇರೆ ಬೇರೆ ವೃತ್ತ ಹೊರಡೋದನ್ನ ತೋರಿಸಿದ್ದಾನೆ. ಆಗ ಕೇಳೋ ಪ್ರಶ್ನೆ: ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಎಬ್ಬಿಸಿದ ಅಲೆ ನಕ್ಷತ್ರದಿಂದ ಇಲ್ಲೀವರೆಗೂ ಸಾಯದೆ ಬರೋದು ಹೇಗೆ? ಅವನ ಉತ್ತರ, ಒಂದೊಂದೇ ಅಲೆ ಸಾಯುತ್ತದೆ, ನಮ್ಮನ್ನ ಮುಟ್ಟೋ ಶಕ್ತಿ ಅದಕ್ಕಿಲ್ಲ. ಆದರೆ ಅಷ್ಟು ದೂರದಿಂದ ನೋಡಿದರೆ ನಕ್ಷತ್ರದ ಲೆಕ್ಕವಿಲ್ಲದ ಬಿಂದುಗಳ ಅಲೆಗಳೆಲ್ಲ ಒಂದರ ಮೇಲೊಂದು ಕೂಡಿಕೊಂಡು ಹೆಚ್ಚುಕಡಿಮೆ ಒಂದೇ ಅಲೆಯಾಗಿ ಬರುತ್ತವೆ, ಕಣ್ಣಿಗೆ ತಾಕೋದು ಆ ಕೂಡಿದ ಅಲೆ. ಇವತ್ತಿನ ಭೌತಶಾಸ್ತ್ರ ಇದನ್ನ ಹೀಗೇ ಹೇಳೋದಿಲ್ಲ. ಬೆಳಕಿನ ಅಲೆ ಹರಿಯೋಕೆ ಎಲ್ಲೆಲ್ಲೂ ತುಂಬಿದೆ ಅಂತ ಅವನು ನಂಬಿದ್ದ ಈಥರ್ ಕೂಡ ಹೋಯ್ತು. ಆದರೆ ಕೊಳವೆಯಲ್ಲಿ ಸೂರ್ಯನನ್ನ ಚುಕ್ಕಿ ಮಾಡಿದವನಿಗೆ ಈ ಪ್ರಶ್ನೆ ಎಷ್ಟು ಕಾಡಿರಬೇಕು ಅಂತ ಅರ್ಥ ಆಗುತ್ತದೆ.

ಲೆಕ್ಕದ ಟೀಚರ್ (ಸಾಗರ)

ಸರ್, 27,648ನ್ನು 182ರಿಂದ ಭಾಗಿಸಿದೆ. 151.912. ಕೆಂಪು ಇಂಕು ವಾಪಸು ಡ್ರಾಯರ್‌ಗೆ ಹೋಯಿತು. ಬದಲಿಗೆ ಇದನ್ನೇ ಮಕ್ಕಳಿಗೆ ಲೆಕ್ಕವಾಗಿ ಕೊಡುತ್ತೇನೆ: ‘ಅಂತಿಮ ಉತ್ತರದಲ್ಲಿ 16ರ ವ್ಯತ್ಯಾಸ ಎಲ್ಲಿಂದ ಬಂತು?’

ಗುಂಡಿನ ಪ್ರಯೋಗ ಮಾಡಿದೆವು. ಸೈಕಲ್ ಶಾಪಿನವನು ‘ಒಂದು ಬಾಲ್ ಯಾರಿಗೆ ಕೊಡೋದು ಮೇಡಂ’ ಎಂದು ಒಂದು ಹಿಡಿ ಕೊಟ್ಟ, ದುಡ್ಡು ಬೇಡ ಎಂದ. ಕಂಪಾಸ್ ಬಾಕ್ಸಿನ ಮುಚ್ಚಳಕ್ಕೆ ಕಪ್ಪು ಬಟ್ಟೆ ಸುತ್ತಿ, ಅದರ ನಡುವೆ ಗುಂಡು ಅಂಟಿಸಿ, ಧ್ವಜದ ಕಟ್ಟೆಯ ಮೇಲೆ ನಿಲ್ಲಿಸಿದೆವು. ಹತ್ತು ಮೀಟರಿನಲ್ಲಿ ಎಲ್ಲರಿಗೂ ಚುರುಕಾಗಿ ಮಿನುಗಿತು. ಹಗ್ಗ ಹಿಡಿದು ಅಳೆಯುತ್ತಾ ಹಿಂದೆ ಹಿಂದೆ ಹೋದರು. 44 ಮೀಟರಿಗೆ ಗೆರೆ ಎಳೆದು ನಿಲ್ಲಿಸಿದಾಗ ಅರ್ಧ ಜನ ‘ಇದೆ ಮಿಸ್’, ಅರ್ಧ ಜನ ‘ಎಲ್ಲಿ ಮಿಸ್’. ನನಗೂ ಮೊದಲು ಕಾಣಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಒಂದು ಗಳಿಗೆ ನೋಡಿದ ಮೇಲೆ ಸೂಜಿಮೊನೆಯಷ್ಟು ಬಿಳಿ ಚುಕ್ಕಿ ಸಿಕ್ಕಿತು. ನಮ್ಮ ಮೈದಾನ ಅಲ್ಲಿಂದ ಮುಂದೆ ಸ್ವಲ್ಪವೇ ಇದೆ, ಬೇಲಿಯ ಹತ್ತಿರ ನಿಂತವರಿಗೆ ಏನೂ ಕಾಣಲಿಲ್ಲ. 180 ಮೀಟರಿನ ಮಾತು ಬಿಡಿ, ಅದು ಅಡಿಕೆ ತೋಟದೊಳಗೆ ಹೋಗುತ್ತದೆ.

ಆಗ ಒಬ್ಬ ಹುಡುಗ ಹೇಳಿದ್ದು: ‘ಇದು ಶುಕ್ರನಷ್ಟು ಬೆಳಕು ಅಂದ್ರಲ್ಲ ಮಿಸ್, ಶುಕ್ರ ಸಂಜೆ ಇಷ್ಟು ಮಂಕಾಗಿ ಇರೋದಿಲ್ಲ.’ ನೀವು ಬರೆದ ಹಗಲಿನ ಕಣ್ಣಿನ ಮಾತನ್ನು ನಾನು ಅವರಿಗೆ ಇನ್ನೂ ಹೇಳಿಯೇ ಇರಲಿಲ್ಲ.

ಅವನೇ ಕೇಳಿದ ಇನ್ನೊಂದು ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲ. ಲುಬ್ಧಕ ಸೂರ್ಯನ ಹಾಗಿಲ್ಲ ಎಂದಾದರೆ, ಸೂರ್ಯನ ಹಾಗೇ ಇರುವ ಬೇರೆ ಪ್ರಕಾಶಮಾನ ನಕ್ಷತ್ರವನ್ನು ಹೈಗನ್ಸ್ ಯಾಕೆ ಆರಿಸಲಿಲ್ಲ?

ಗಾಜಿನ ಪುಡಿ (ಹುಬ್ಬಳ್ಳಿ)

ಆ ಹುಡುಗನಿಗೆ ನನ್ನ ಕಡೆಯಿಂದ ಒಂದು ಭೂತಗನ್ನಡಿ. ವಿಳಾಸ ಮೆಸೇಜ್ ಮಾಡ್ರಿ, ಕಳಿಸ್ತೀನಿ.

ಉತ್ತರ: ಯಾವ ನಕ್ಷತ್ರ ಸೂರ್ಯನ ಹಾಗಿದೆ ಅಂತ ಅವನಿಗೆ ಗೊತ್ತಾಗೋ ದಾರಿಯೇ ಇರಲಿಲ್ಲ, ರೋಹಿತ (ನಕ್ಷತ್ರದ ಬೆಳಕನ್ನ ಬಿಡಿಸಿದಾಗ ಕಾಣೋ ಬಣ್ಣದ ಪಟ್ಟಿ) ನೋಡೋದು ಕಲಿತದ್ದು ಬಹಳ ಆಮೇಲೆ. ಗೊತ್ತಿದ್ದರೂ ಅವನಿಗೆ ಸಿಗುತ್ತಿರಲಿಲ್ಲ. ಬರಿಗಣ್ಣಿಗೆ ಅಷ್ಟು ಪ್ರಖರವಾಗಿ ಕಾಣೋ, ಸೂರ್ಯನ ಜಾತಿಯದೇ ಆದ ನಕ್ಷತ್ರ ಅಂದ್ರೆ ಆಲ್ಫಾ ಸೆಂಟಾರಿ. ಅದು ತೆಂಕಣ ಆಕಾಶದಲ್ಲಿ ಎಷ್ಟು ಕೆಳಗಿದೆ ಅಂದ್ರೆ ಹಾಲೆಂಡಿನಲ್ಲಿ ದಿಗಂತದ ಮೇಲೆ ಏಳೋದೇ ಇಲ್ಲ. ಲುಬ್ಧಕವೂ ಅಲ್ಲಿ ಹೆಚ್ಚೆಂದರೆ 21 ಡಿಗ್ರಿ ಏರುತ್ತದೆ, ನಮ್ಮಲ್ಲಿ 58.

ಆಲ್ಫಾ ಸೆಂಟಾರಿ ಅವನ ಊರಲ್ಲಿ ಕಂಡಿದ್ದು, ಕಣ್ಣೂ ಮೋಸ ಮಾಡದೆ ಇದ್ದಿದ್ದರೆ? ಲೆಕ್ಕ ಹಾಕಿದೆ. ಬರಿಗಣ್ಣಿಗೆ ಒಂದೇ ಆಗಿ ಕಾಣೋ ಆ ಜೋಡಿಯ ಕಾಂತಿಮಾನ −0.27. ಸೂರ್ಯನನ್ನ ಅಷ್ಟಕ್ಕೆ ಇಳಿಸಬೇಕಾದರೆ ಸುಮಾರು 1,97,000 ಪಟ್ಟು ತಳ್ಳಬೇಕು. ನಿಜವಾದ ದೂರ 2,76,000 ಪಟ್ಟು. ನೂರಕ್ಕೆ ಎಪ್ಪತ್ತು ಮಾರ್ಕು. ಅದೂ ಎರಡು ನಕ್ಷತ್ರವನ್ನ ಒಂದೇ ಅಂತ ಎಣಿಸಿದ್ದಕ್ಕೆ ಕಡಿಮೆ ಆದದ್ದು.

ನಿಮ್ಮ ಮಕ್ಕಳಿಗೆ ಅದು ಕಾಣುತ್ತದೆ. ಮೇ ಕೊನೆಯಲ್ಲಿ ರಾತ್ರಿ ಹತ್ತೂವರೆಯಿಂದ ಹನ್ನೊಂದರ ಒಳಗೆ ಸರಿಯಾಗಿ ದಕ್ಷಿಣಕ್ಕೆ ಮುಖ ಮಾಡಲಿ. ಕೈ ಚಾಚಿ ಅಳೆದರೆ ದಿಗಂತದಿಂದ ಒಂದು ಗೇಣು ಮೇಲಕ್ಕೂ ಬರೋದಿಲ್ಲ, ಪಕ್ಕದಲ್ಲೇ ಬಲಗಡೆ ಅದಕ್ಕಿಂತ ತುಸು ಮಂಕಾದ ಇನ್ನೊಂದು, ಬೀಟಾ ಸೆಂಟಾರಿ. ಸಾಗರದ ಕಡೆ ಗುಡ್ಡ, ಮರ ಅಡ್ಡ ಬರುತ್ತವೆ, ತೆರೆದ ಜಾಗ ಹುಡುಕಬೇಕು. ಮಳೆ ಮೋಡ ಕಟ್ಟೋಕೆ ಮುಂಚೆ ನೋಡಿಬಿಡಲಿ.